ಸೋಸುವ ಗಡಿಗೆ, ಸೋಸದ ಫ್ಲೋರೈಡ್

ನಮ್ಮದು ಬಾದಾಮಿ ಕಡೆಯ ಕುಂಬಾರ ಮನೆತನ. ಬ್ಯಾಸಗಿ ಹರವಿ ಬೆವರಬೇಕು, ಸೋರಬಾರದು ಎಂಬುದು ಅಜ್ಜನ ಕಾಲದ ಲೆಕ್ಕ. ಫಿಲ್ಟರ್ ಗಡಿಗೆ ಮಾತ್ರ ಸೋರಲೇಬೇಕು, ಅದೂ ಗಂಟೆಗೆ 1ರಿಂದ 3 ಲೀಟರಿನಷ್ಟು.

ಇದನ್ನು 1981ರಲ್ಲಿ ರೂಪಿಸಿದವರು ಗ್ವಾಟೆಮಾಲಾದ ಫರ್ನಾಂಡೊ ಮಜಾರಿಯೆಗೋಸ್. 1998ರ ಮಿಚ್ ಚಂಡಮಾರುತ ನಿಕರಾಗುವಾವನ್ನು ಹಾಳುಗೆಡವಿದ ಮೇಲೆ ರಾನ್ ರಿವೆರಾ ಅವರಿದ್ದ 'ಪಾಟರ್ಸ್ ಫಾರ್ ಪೀಸ್' ಸಂಸ್ಥೆ ಈ ವಿದ್ಯೆಯನ್ನು ಕುಂಬಾರರಿಗೆ ಕಲಿಸಿತು. ನಮ್ಮ ದೇಶದಲ್ಲೂ ಭುವನೇಶ್ವರದ ಸಿಎಸ್‌ಐಆರ್ ಪ್ರಯೋಗಾಲಯ ಕೆಂಪು ಜೇಡಿ, ಮರಳು, ಕಟ್ಟಿಗೆ ಪುಡಿ ಕಲಸಿ 'ಟೆರಾಫಿಲ್' ಬಿಲ್ಲೆ ಮಾಡಿದೆ.

ಫಿಲ್ಟರ್ ಗಡಿಗೆಯ ಗುಟ್ಟಿರುವುದೂ ಇಂಥ ಪುಡಿಯಲ್ಲೇ. ಒಣಜೇಡಿಯನ್ನು ಕುಟ್ಟಿ ಜರಡಿ ಹಿಡಿದು, ಸಾಮಿಲ್ಲಿನ ನುಣ್ಣನೆಯ ಪುಡಿಯನ್ನೋ ಭತ್ತದ ಹೊಟ್ಟನ್ನೋ ಬೆರೆಸಿ ನಾದುತ್ತಾರೆ. ಇಲ್ಲಿ ತಿಗರಿಗೆ ಕೆಲಸವಿಲ್ಲ. ಗೋಡೆ ಎಲ್ಲ ಕಡೆ ಒಂದೇ ದಪ್ಪ ಬರಬೇಕೆಂದು ಅಚ್ಚಿನಲ್ಲಿಟ್ಟು ಜಾಕಿನಿಂದ ಒತ್ತುತ್ತಾರೆ. ನೆರಳಿನಲ್ಲಿ ಒಣಗಿಸಿ ಸುಮಾರು 850–900 ಡಿಗ್ರಿಯಲ್ಲಿ ಸುಟ್ಟಾಗ ಪುಡಿ ಉರಿದುಹೋಗಿ, ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ನಮ್ಮ ಬಯಲು ಆವಿಗೆಯಲ್ಲಿ ಈ ಶಾಖ ಎಲ್ಲ ಗಡಿಗೆಗೂ ಒಂದೇ ಸಮ ಮುಟ್ಟುವುದಿಲ್ಲ. ಹಾಗಾಗಿ ಮುಚ್ಚಿದ ಭಟ್ಟಿಯೇ ಬೇಕು.

ಸುಟ್ಟ ಗಡಿಗೆಯನ್ನು ನೀರಿನಲ್ಲಿ ನೆನೆಸಿ, ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಬೇಕು. ಮಿತಿ ಮೀರಿ ಇಳಿದರೆ ಎಲ್ಲೋ ಬಿರುಕಿದೆ, ಇಲ್ಲವೇ ರಂಧ್ರ ದೊಡ್ಡದಾಗಿದೆ. ಅಂಥದ್ದನ್ನು ಮಾರದೆ ಒಡೆಯಬೇಕು. ಕೊಳ್ಳುವವರಿಗೋ ಭರಭರ ಇಳಿಯುವ ಗಡಿಗೆಯೇ ಇಷ್ಟ! ಪಾಸಾದವಕ್ಕೆ ರೋಗಾಣು ಕೊಲ್ಲುವ ಬೆಳ್ಳಿಯ ದ್ರಾವಣ ಸವರುತ್ತಾರೆ. ನೀರು ಇಳಿಯುವುದು ನಿಧಾನವಾದಾಗ ಮೆತ್ತನೆಯ ಬ್ರಷ್‌ನಿಂದ ತಿಕ್ಕಿದರಾಯಿತು, ಸಾಬೂನು ಬೇಡ.

ಮಲಪ್ರಭೆಗೆ ಹೊಸನೀರು ಬಂದಾಗಿನ ರಾಡಿ, ಭೇದಿ ತರುವ ಬಹುತೇಕ ಬ್ಯಾಕ್ಟೀರಿಯಾ ಇದರಲ್ಲಿ ನಿಲ್ಲುತ್ತವೆ. ವೈರಸ್ ಬಹಳ ಸಣ್ಣದು, ಎಷ್ಟೋ ನುಸುಳಿಹೋಗುತ್ತವೆ. ಫ್ಲೋರೈಡ್ ಅಂತೂ ನಿಲ್ಲುವುದೇ ಇಲ್ಲ. ಕರಗಿದ ಉಪ್ಪನ್ನು ಅರಿವೆಯಲ್ಲಿ ಸೋಸಲು ಬರುತ್ತದೆಯೇ? ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳ ತೊಂದರೆ ಈ ಫ್ಲೋರೈಡೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ.

ಹುನಗುಂದದ ಕಡೆಯ ಬೀಗರು ಗಡಿಗೆ ಕೇಳಿದರೆ ನಾನು ಹೇಳುವುದಿಷ್ಟೇ: "ಮೊದಲ ಬೋರಿನ ನೀರು ಪರೀಕ್ಷಾ ಮಾಡಿಸ್ರೀ. ಫ್ಲೋರೈಡ್ ಇದ್ರ ಕುಡಿಯಾಕ ಮಳಿನೀರು ಹಿಡಿದಿಡ್ರೀ, ಅದನ್ನ ಸೋಸಾಕ ಗಡಿಗಿ ಒಯ್ಯಿರಿ."