ಸೂತ್ರಕ್ಕೆ ನಿಂತ ರೆಕ್ಕೆ

ಅರಸೀಕೆರೆಯಲ್ಲಿ ರೈಲಿನಿಂದಿಳಿದು, ಅಲ್ಲಿಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ಕಂಡು, ಹಳೇಬೀಡನ್ನು ಹಾದು ಬೇಲೂರನ್ನು ಸೇರುವ ಯಾತ್ರಿಕನ ದೃಷ್ಟಿ ಮದನಿಕೆಯರ ಮೇಲೆ ನೆಲೆಸುವುದು ಸಹಜ. ಆದರೆ ನನ್ನನ್ನು ಪ್ರತಿಸಲವೂ ಹಿಡಿದು ನಿಲ್ಲಿಸುವುದು ಗಾರೆಯ ನೆರವಿಲ್ಲದೆ ಬಳಪದ ಕಲ್ಲಿಗೆ ಬಳಪದ ಕಲ್ಲು ಕೂಡಿಕೊಂಡಿರುವ ಸಂದು. ಒಂದೇ ಕೇಂದ್ರದ ಸುತ್ತ ಚೌಕವನ್ನು ಹಂತಹಂತವಾಗಿ ತಿರುಗಿಸಿದರೆ ನಕ್ಷತ್ರದ ತಳವಿನ್ಯಾಸ ದೊರೆಯುತ್ತದೆ. ಹಾಗೆ ಪ್ರತಿಯೊಂದು ಮೂಲೆಯನ್ನೂ ನೆರೆಯ ಮೂಲೆಯಿಂದಲ್ಲದೆ ಕೇಂದ್ರದಿಂದಲೇ ಅಳೆದಾಗ, ಒಂದರ ದೋಷ ಮತ್ತೊಂದಕ್ಕೆ ಹರಿದು ಬೆಳೆಯಲಾರದು.

ಗಾಜಿನ ನಾರಿನ ವಿಮಾನವನ್ನು ಕಟ್ಟುವವನೂ ಇದೇ ವಿವೇಕವನ್ನು ಆಶ್ರಯಿಸಬೇಕು. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲೇ ಕಟ್ಟಿಕೊಳ್ಳುವವರಿಗೆಂದು ರೂಪಿಸಿದ, 1979ರಲ್ಲಿ ಮೊದಲು ಹಾರಿದ ಲಾಂಗ್-ಇಝೀಯನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಒಂದು ಪುಟ್ಟ ಸಂಶೋಧನಾ ವಿಮಾನವನ್ನು ನಿರ್ಮಿಸಿ 1987ರಲ್ಲಿ ಹಾರಿಸಿತು. 1993ರಲ್ಲಿ ಗಗನಕ್ಕೇರಿದ, ಅದೇ ಪ್ರಯೋಗಾಲಯದ ‘ಹಂಸ’ ವಿಮಾನವೂ ಇಂಥ ನಾರಿನ ಒಡಲಿನದೇ. ಲಾಂಗ್-ಇಝೀ ಬಗೆಯ ವಿಮಾನಕ್ಕೆ ಅಚ್ಚು ಬೇಡ: ಹಗುರವಾದ ಫೋಮನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು, ಅದರ ಮೇಲೆ ಗಾಜಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ತೋಯಿಸಿ ಹೊದಿಸುತ್ತಾರೆ.

ಇದರ ರೆಕ್ಕೆಗಳನ್ನು ಹೊರುವುದು ಒಡಲಿಗೆ ಅಡ್ಡಲಾಗಿ ಕೂರುವ ನಡುತೊಲೆ. ಅದು ಒಂದೇ ಒಂದು ಡಿಗ್ರಿ ಓರೆಯಾದರೂ, ನಾಲ್ಕು ಮೀಟರು ದೂರದ ರೆಕ್ಕೆಯ ತುದಿ ಏಳು ಸೆಂಟಿಮೀಟರು ಸರಿಯುತ್ತದೆ. ಆದ್ದರಿಂದ ಒಡಲನ್ನು ನೀರು ತುಂಬಿದ ಕೊಳವೆಯಿಂದ ಮಟ್ಟಕ್ಕೆ ತಂದು, ಮೂತಿಯಿಂದ ಹಿಂಬದಿಯವರೆಗೆ ದಾರವನ್ನು ಬಿಗಿದು, ತೂಗುಗುಂಡುಗಳನ್ನಿಳಿಸಿ ಆ ನಡುಗೆರೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಎಳೆದು, ಮೂತಿಯ ಬಿಂದುವಿನಿಂದ ಎಡತುದಿಗೂ ಬಲತುದಿಗೂ ಇರುವ ದೂರಗಳು ಸಮನಾಗುವವರೆಗೆ ತೊಲೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಸರಿಸಬೇಕು. ಕಲ್ಲುಕುಟಿಗನಿಗೆ ಇದರಲ್ಲಿ ಅಪರಿಚಿತವಾದುದೇನೂ ಇಲ್ಲ.

ಮೂತಿಯ ಬಳಿಯ ಕಿರುರೆಕ್ಕೆಯ ಕೋನ ಇನ್ನೂ ಸೂಕ್ಷ್ಮವಾದುದು. ವೇಗ ಕುಗ್ಗಿದಾಗ ಹಿಂದಿನ ದೊಡ್ಡ ರೆಕ್ಕೆಗಿಂತ ಮೊದಲು ಈ ಕಿರುರೆಕ್ಕೆಯೇ ಎತ್ತುವ ಬಲವನ್ನು ಕಳೆದುಕೊಳ್ಳಬೇಕು. ಆಗ ಮೂತಿ ಮೆಲ್ಲಗೆ ಬಾಗಿ, ವಿಮಾನ ತಾನಾಗಿಯೇ ವೇಗವನ್ನು ಮರಳಿ ಪಡೆಯುತ್ತದೆ. ಈ ಕ್ರಮ ತಿರುಗುಮುರುಗಾದರೆ ಅಪಾಯ ದೊಡ್ಡದು. ಸುಮಾರು ಒಂದಡಿ ಅಗಲದ ಆ ಹಲಗೆಯಲ್ಲಿ ಒಂದು ಡಿಗ್ರಿಯೆಂದರೆ ಐದೇ ಮಿಲಿಮೀಟರು! ಅದಕ್ಕಾಗಿ ರೆಕ್ಕೆಯ ಮೈಗೆ ಒಪ್ಪುವಂತೆ ಕೊಯ್ದ ಮಾದರಿ ಹಲಗೆಯನ್ನು ಅದರ ಮೇಲಿರಿಸಿ, ಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೂ ತಾಳ್ಮೆಯಿಂದ ಹೊಂದಿಸುತ್ತಾರೆ.

ಇಷ್ಟೆಲ್ಲವೂ ಒಣಹೊಂದಿಕೆ, ಅಂಟು ಇನ್ನೂ ಬಂದಿಲ್ಲ. ಸಂದು ಅಗಲವಾಗಿದ್ದರೆ ಹತ್ತಿಯ ನಾರು ಬೆರೆಸಿದ ಎಪಾಕ್ಸಿಯನ್ನು ತುಂಬಿಬಿಡುವ ಆಸೆ ಹುಟ್ಟುವುದುಂಟು, ಆದರೆ ದಪ್ಪನೆಯ ಅಂಟು ಭಾರವನ್ನಷ್ಟೇ ಹೆಚ್ಚಿಸುತ್ತದೆ. ಉಬ್ಬಿದೆಡೆಯನ್ನು ಮರಳುಕಾಗದದಿಂದ ಉಜ್ಜಿ ಮೈಗೆ ಮೈ ಸೇರಿಸುವುದೇ ಸರಿಯಾದ ದಾರಿ. ಬೋಲ್ಟನ್ನು ಸಡಿಲಿಸಬಹುದು, ಗಟ್ಟಿಯಾದ ಎಪಾಕ್ಸಿಯನ್ನು ಗರಗಸದಿಂದಲ್ಲದೆ ಬಿಡಿಸಲಾಗದು. ಅದರಿಂದಲೇ, ಅಂಟು ಬಳಿದು ತೊಲೆಯನ್ನು ಕೂರಿಸಿದ ಮೇಲೂ, ಅಂಟು ಇನ್ನೂ ಮೆದುವಾಗಿರುವ ಆ ಅಲ್ಪಕಾಲದಲ್ಲಿ, ಕಟ್ಟುವವನು ಅಳತೆಯ ಪಟ್ಟಿಯನ್ನು ಹಿಡಿದು ಮತ್ತೊಮ್ಮೆ ಮೂತಿಯ ಬಿಂದುವಿಗೆ ಮರಳುತ್ತಾನೆ.