ಗೋಡೆ ಮಡಿಚಿದ ಗುಡಿ

ಸೋಮನಾಥಪುರದ ಕೇಶವ ದೇವಾಲಯದ ಜಗತಿ ಹತ್ತಿ ಎಡಕ್ಕೆ ಹೊರಳಿದೆ. ಮುಂಭಾಗದ ಗೋಡೆಯಲ್ಲಿ ಮೇಲೆ ಜಾಲಂದ್ರ, ಕೆಳಗೆ ಆನೆಗಳ ಸಾಲು. ಸ್ವಲ್ಪ ದೂರ ಹೋಗಿ ದಕ್ಷಿಣದ ವೇಣುಗೋಪಾಲನ ಗರ್ಭಗುಡಿಯ ಹೊರಮೈ ಬಂತೋ ಇಲ್ಲವೋ, ಗೋಡೆ ಸೀರೆಯ ನೆರಿಗೆಯಂತೆ ಮಡಿಕೆ ಬೀಳತೊಡಗಿತು. ಒಂದು ಮೂಲೆ ಮುಂದೆ ಬರುತ್ತದೆ, ಒಂದು ಸಂದು ಒಳಗೆ ಹೋಗುತ್ತದೆ. ಮತ್ತೆ ಮೂಲೆ, ಮತ್ತೆ ಸಂದು. ಆನೆಸಾಲೂ ಕಡಿಯದೆ ಆ ಮೂಲೆಗಳನ್ನೆಲ್ಲ ಬಳಸಿಕೊಂಡೇ ನಡೆದಿದೆ.

ಇಲ್ಲಿಗೆ ಬರುವವರೆಲ್ಲ ಶಿಲ್ಪ ನೋಡುತ್ತಾರೆ. ನಾನು ಈ ಸಲ ಬಂದದ್ದು ಸುತ್ತಳತೆ ನೋಡಲು.

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ತ್ರಿಕೂಟ ಇದು. ಮೂರೂ ಗರ್ಭಗುಡಿಗಳು ಒಳಗೆ ಸಾದಾ ಚೌಕ. ಹೊರಗೆ ಮಾತ್ರ 16 ಮೂಲೆಯ ನಕ್ಷತ್ರ. ಏಕೆ ಹೀಗೆ?

ಪ್ರಾಕಾರದ ಕೈಸಾಲೆಯ ನೆರಳಲ್ಲಿ ಕೂತು ಡ್ರಾಯಿಂಗ್ ಹಾಳೆಯ ಮೇಲೆ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆದೆ. ಅದರೊಳಗೆ ಒಂದು ಚೌಕ. ಅದನ್ನೇ ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸಿ ಇನ್ನೂ ಮೂರು ಚೌಕ. ಹೊರಗೆರೆಯಷ್ಟೇ ಉಳಿಸಿಕೊಂಡರೆ 16 ಮೂಲೆಯ ನಕ್ಷತ್ರ ಸಿದ್ಧ. ಲೆಕ್ಕ ಹಾಕಿದೆ. ವೃತ್ತದ ಸುತ್ತಳತೆ ಸುಮಾರು 63 ಸೆಂ.ಮೀ., ಅದರೊಳಗೇ ಕೂತ ನಕ್ಷತ್ರದ್ದು 75. ವಿಸ್ತೀರ್ಣ ತದ್ವಿರುದ್ಧ: ವೃತ್ತದ್ದು 314 ಚದರ ಸೆಂ.ಮೀ., ನಕ್ಷತ್ರದ್ದು 265. ಕಡಿಮೆ ನೆಲ, ಹೆಚ್ಚು ಗೋಡೆ! ಅಷ್ಟೇ ನೆಲವನ್ನು ಒಂದೇ ಚೌಕವಾಗಿ ಕಟ್ಟಿದ್ದರೆ ಗೋಡೆ 65 ಸೆಂ.ಮೀ.ಗೆ ಮುಗಿದುಹೋಗುತ್ತಿತ್ತು.

ಸುತ್ತಳತೆ ಹೆಚ್ಚಿದರೆ ವಿಸ್ತೀರ್ಣವೂ ಹೆಚ್ಚುತ್ತದೆಂದು ಎಷ್ಟೋ ಮಂದಿ ನಂಬಿದ್ದಾರೆ. 20 ಮೀಟರ್ ಚೌಕದ ಹೊಲಕ್ಕೂ 35 ಮೀಟರ್ ಉದ್ದ, 5 ಮೀಟರ್ ಅಗಲದ ಹೊಲಕ್ಕೂ ಬೇಲಿ 80 ಮೀಟರೇ. ಆದರೆ ಮೊದಲನೆಯದು 400 ಚದರ ಮೀಟರ್, ಎರಡನೆಯದು 175. ಎಲ್ಲ ಆಕಾರಗಳಲ್ಲಿ ಅತಿ ಕಡಿಮೆ ಸುತ್ತಳತೆಗೆ ಅತಿ ಹೆಚ್ಚು ಜಾಗ ಕೊಡುವುದು ವೃತ್ತ. ದುಂಡನೆಯ ಕಣಜಕ್ಕೆ ಕಡಿಮೆ ಬಿದಿರಿನಲ್ಲಿ ಹೆಚ್ಚು ಕಾಳು ಹಿಡಿಸುತ್ತದೆ. ರೈತನಿಗೆ ಬೇಕಾದದ್ದು ಒಳಗಿನ ಜಾಗ. ಹೊಯ್ಸಳ ಸ್ಥಪತಿಗೆ ಬೇಕಾದದ್ದು ಹೊರಗಿನ ಗೋಡೆ.

ಆ ಗೋಡೆ ಏತಕ್ಕೆ ಬೇಕಾಯಿತೆಂದು ತಿಳಿಯಲು ಮತ್ತೆ ಜಗತಿಯ ಮೇಲೆ ನಡೆಯಬೇಕು. ಕೆಳಗಿನಿಂದ ಆನೆ, ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಕಥಾಪಟ್ಟಿಕೆ, ಆಮೇಲೆ ಮಕರ, ಹಂಸ. ದಕ್ಷಿಣದಲ್ಲಿ ರಾಮಾಯಣ, ಹಿಂಭಾಗದಲ್ಲಿ ಕೃಷ್ಣನ ಕಥೆ, ಉತ್ತರದಲ್ಲಿ ಮಹಾಭಾರತ. ಪ್ರದಕ್ಷಿಣೆ ಹಾಕುವವನು ಓದುತ್ತಾ ಹೋಗುವ ಪುಟ ಇದು. ಪುಟ ಉದ್ದವಾದಷ್ಟೂ ಕಥೆಗೆ ಎಡೆ. ಪಟ್ಟಿಕೆಗಳ ಮೇಲೆ, ಪ್ರತಿ ಮಡಿಕೆಯ ಮುಖದಲ್ಲೂ ಮೂರ್ತಿಗಳು. ಹಲವುಗಳ ಕೆಳಗೆ ಕೆತ್ತಿದವನದೇ ರುಜು: ಮಲ್ಲಿತಮ್ಮ.

ಒಂದು ಮೂಲೆಯ ಎದುರು ತುಂಬ ಹೊತ್ತು ನಿಂತೆ. ಬೆಳಗಿನ ಬಿಸಿಲು ಅದರ ಒಂದು ಮುಖಕ್ಕೆ ಬಿದ್ದು ಬಳಪದ ಕಲ್ಲಿನ ಹಾರದ ಮಣಿ ಮಣಿಯೂ ಎದ್ದು ಕಾಣುತ್ತಿತ್ತು. ಪಕ್ಕದ ಮುಖ ನೆರಳಲ್ಲಿತ್ತು. ಚಪ್ಪಟೆ ಗೋಡೆಯಾಗಿದ್ದರೆ ಈ ಬಿಸಿಲು-ನೆರಳಿನ ಸರದಿಯೂ ಇರುತ್ತಿರಲಿಲ್ಲ.

ಮೂಲೆಗಳು 16ರಲ್ಲೇ ನಿಲ್ಲಬೇಕಿರಲಿಲ್ಲ. ಹೀಗೇ ಲಂಬಕೋನದ ಮೂಲೆ ಹೆಚ್ಚಿಸುತ್ತಾ ಹೋದರೆ ವಿಸ್ತೀರ್ಣ ಹೊರವೃತ್ತದಷ್ಟಕ್ಕೆ ಹತ್ತಿರವಾಗುತ್ತದೆ, ಸುತ್ತಳತೆ ಮಾತ್ರ ವೃತ್ತದ 1.41 ಪಟ್ಟಿನತ್ತ ಏರುತ್ತದೆ. ಆದರೆ ಒಂದೊಂದು ಮುಖವೂ ಕಿರಿದಾಗಿ ಮೂರ್ತಿ ನಿಲ್ಲಿಸಲು ಜಾಗ ಸಾಲದು. 16ಕ್ಕೆ ನಿಲ್ಲಿಸಿದ್ದು ಒಳ್ಳೆಯ ತೀರ್ಮಾನ ಎಂದೇ ನನ್ನ ಅನಿಸಿಕೆ.

ಮೈಸೂರಿನಿಂದ ಸುಮಾರು 35 ಕಿಲೋಮೀಟರ್. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಮಕ್ಕಳನ್ನು ಕರೆತರುವವರು ಒಂದು ಹಾಳೆ, ಕೈವಾರ, ಒಂದು ಉಂಡೆ ದಾರ ತನ್ನಿ. ಕೈಸಾಲೆಯಲ್ಲಿ ಕೂರಿಸಿ ನಕ್ಷತ್ರ ಬರೆಸಿ, ಗೆರೆಯ ಮೇಲೆ ದಾರ ಇಟ್ಟು ಅಳೆಸಿ. ಗೋಡೆಯನ್ನು ಮಾತ್ರ ಮುಟ್ಟದೆ ಸುತ್ತು ಹಾಕಿಸಿ.