ಮಸೂರದ ಗೌರವ-ಲಾಘವ

ಲೌಕಿಕರಿಗೆ ಗೌರವವೆಂಬದು ಎಲ್ಲರೂ ಬಯಸತಕ್ಕ ವಸ್ತು. ಶಾಸ್ತ್ರಕಾರರಿಗಾದರೋ ಅದು ಒಂದು ದೋಷ. ಅಲ್ಪ ಸಾಧನದಿಂದ ಆಗುವ ಕಾರ್ಯಕ್ಕೆ ದೊಡ್ಡ ಸಾಧನವನ್ನು ಹೂಡಿದರೆ ಅವರು ಅದಕ್ಕೆ ಗೌರವವೆನ್ನುವರು. ಸಣ್ಣದರಿಂದಲೇ ಸಾಧಿಸಿದರೆ ಲಾಘವವೆಂದು ಹೊಗಳುವರು. ಆದರೆ ನೈಯಾಯಿಕರು ಇದಕ್ಕೊಂದು ಅಪವಾದವನ್ನೂ ಒಪ್ಪಿರುವರು: ಫಲವನ್ನು ತಂದುಕೊಡುವ ಭಾರವು ದೋಷವಾಗಲಾರದು. ಈ ಎರಡು ಮಾತುಗಳನ್ನು ಮುಂದಿಟ್ಟುಕೊಂಡು, ಈಚೆಗೆ ನಮ್ಮ ಮನೆಗಳಲ್ಲಿ ಹುಟ್ಟಿರುವ ಒಂದು ಪ್ರಶ್ನೆಯನ್ನು ವಿಚಾರಿಸೋಣ.

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನಲ್ಲಿ ಕಳ್ಳಕವಟಗಿ ಎಂಬ ನಮ್ಮ ಊರು ಇರುವದು. ಇದು ದ್ರಾಕ್ಷಿಯ ಸೀಮೆ. ಹಂಗಾಮು ಮುಗಿದು ಒಣದ್ರಾಕ್ಷಿ ಮಾರಿದ ಮೇಲೆಯೇ ಅನೇಕ ಮನೆಗಳಲ್ಲಿ ವರ್ಷದ ದೊಡ್ಡ ಖರ್ಚುಗಳು ನಿರ್ಣಯವಾಗುವವು. ಮದುವೆಗಳಲ್ಲಿ ಛಾಯಾಚಿತ್ರ ತೆಗೆದು ಜೀವಿಸುವ, ನನ್ನ ಕೈಯಲ್ಲಿ ಕಲಿತ ತರುಣನೊಬ್ಬನು ಆ ದಿನಗಳಲ್ಲಿಯೇ ಬಂದು ಕೇಳಿದನು: “ಸರ್, ದೊಡ್ಡ ಲೆನ್ಸ್ ಒಂದು ದ್ರಾಕ್ಷಿ ರೊಕ್ಕದಾಗ ಕೊಡಸ್ತೀನಿ ಅಂತಾನ್ರೀ ಅಪ್ಪ. ಆದರ ತಂಗೀ ಕಾಲೇಜ್ ಫೀಯೂ ಅದರಾಗೇ ಆಗಬೇಕ್ರೀ. ತಗೊಳ್ಳಲೇನ್ರೀ, ಬ್ಯಾಡೇನ್ರೀ?” ಇಂಥ ಪ್ರಶ್ನೆಗೆ ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವದು ಸುಲಭ, ನ್ಯಾಯವಾದ ಉತ್ತರಕ್ಕೆ ಮಾತ್ರ ಸ್ವಲ್ಪ ಗಣಿತ ಬೇಕು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಅಂಗಡಿಯಲ್ಲಿಯೂ ಹಂದರದಲ್ಲಿಯೂ ಲೆನ್ಸ್ ಎನ್ನಿಸಿಕೊಳ್ಳುವ ಈ ಗಾಜಿಗೆ ಶಾಲೆಯ ಪುಸ್ತಕಗಳಲ್ಲಿ ಮಸೂರವೆಂದು ಹೆಸರು. ಲ್ಯಾಟಿನ್ ಭಾಷೆಯ ಲೆನ್ಸ್ ಶಬ್ದಕ್ಕೂ ಸಂಸ್ಕೃತದ ಮಸೂರ ಶಬ್ದಕ್ಕೂ ಮೂಲದ ಅರ್ಥವೊಂದೇ, ಚನ್ನಂಗಿ ಕಾಳು. ಎರಡೂ ಬದಿಗೆ ಉಬ್ಬಿದ ಆ ಕಾಳಿನ ಆಕಾರವೇ ಗಾಜಿಗೆ ಹೆಸರನ್ನು ಕೊಟ್ಟಿತು. ನಿಂತಲ್ಲಿಂದ ಕದಲದೆ ದೂರದ ಮುಖವನ್ನು ಹತ್ತಿರಕ್ಕೆ ತರಬಲ್ಲ, ಬೇಕೆಂದಾಗ ಹಿಂದಕ್ಕೆ ಸರಿಸಬಲ್ಲ ಮಸೂರಕ್ಕೆ ಝೂಮ್ ಎನ್ನುವರು. ಬೆಳಕಿಗೆ ದೊಡ್ಡ ಬಾಗಿಲನ್ನು ತೆರೆಯಬಲ್ಲದಕ್ಕೆ ಫಾಸ್ಟ್ ಎಂಬ ವಿಶೇಷಣ. ಬೆಳಕು ಹೆಚ್ಚು ಬಂದಷ್ಟೂ ಚಿತ್ರವು ಬೇಗ ಮುಗಿಯುವದಷ್ಟೆ! ಈ ಬಾಗಿಲಿನ ಅಳತೆಯನ್ನು ಎಫ್ ಎಂಬ ಅಂಕದಿಂದ ಸೂಚಿಸುವರು. ಅಂಕ ಚಿಕ್ಕದಾದರೆ ಬಾಗಿಲು ದೊಡ್ಡದು. ಎಫ್ ೪ ಇದ್ದಲ್ಲಿ ಬರುವ ಬೆಳಕಿನ ಎರಡು ಪಟ್ಟು ಎಫ್ ೨.೮ರಲ್ಲಿ ಬರುವದು, ಎಫ್ ೫.೬ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು. ನಮ್ಮ ತರುಣನು ಬಯಸಿದ್ದು ೭೦ರಿಂದ ೨೦೦ ಮಿಲಿಮೀಟರ್ ಸಂಗಮದೂರದ, ಎಫ್ ೨.೮ರ ಝೂಮ್. ಮದುವೆಯ ಚಿತ್ರಕಾರರಲ್ಲಿ ಅತ್ಯಂತ ಪ್ರಖ್ಯಾತವಾದ ಜಾತಿ ಇದೇ.

ಇಂಥದು ಯಾಕೆ ಇಷ್ಟು ಭಾರ? ಎಫ್ ಅಂಕವೆಂದರೆ ಸಂಗಮದೂರವನ್ನು ಬೆಳಕಿನ ದ್ವಾರದ ವ್ಯಾಸದಿಂದ ಭಾಗಿಸಿದ ಫಲ. ೨೦೦ನ್ನು ೪ರಿಂದ ಭಾಗಿಸಿದರೆ ೫೦ ಮಿಲಿಮೀಟರ್, ೨.೮ರಿಂದ ಭಾಗಿಸಿದರೆ ಸುಮಾರು ೭೧. ದ್ವಾರವು ಅಗಲವಾದರೆ ಮುಂದಿನ ಗಾಜೂ ಅಗಲವಾಗಬೇಕು, ಅಗಲದೊಡನೆ ದಪ್ಪವೂ ಏರುವದು. ಕ್ಯಾನನ್ ಕಂಪನಿಯ ಆರ್‌ಎಫ್ ಮಾಲೆಯಲ್ಲಿ ಎಫ್ ೪ರ ೭೦-೨೦೦ ಝೂಮ್ ೬೯೫ ಗ್ರಾಂ ತೂಗಿದರೆ ಎಫ್ ೨.೮ರದು ೧,೦೭೦ ಗ್ರಾಂ. ಅದೇ ಕಂಪನಿಯ ಹಳೆಯ ಮಾಲೆಯ ಮೂರನೆಯ ಆವೃತ್ತಿ ೧,೪೮೦ ಗ್ರಾಂ. ಕ್ಯಾಮೆರಾದ ತೂಕವನ್ನೂ ಕೂಡಿಸಿದರೆ, ಎರಡು ಕಿಲೋ ಜೋಳದ ಹಿಟ್ಟಿನ ಚೀಲವನ್ನು ಮುಂಜಾನೆಯಿಂದ ಸಂಜೆಯ ತನಕ ಕೊರಳಿಗೆ ಕಟ್ಟಿಕೊಂಡಂತೆ. ಬೆಲೆಯೂ ಹಾಗೆಯೇ: ಕಂಪನಿಗೆ ತಕ್ಕಂತೆ ಹೆಚ್ಚು ಕಡಿಮೆ ಒಂದೂಕಾಲು ಲಕ್ಷದಿಂದ ಎರಡೂವರೆ ಲಕ್ಷ ರೂಪಾಯಿಗಳು.

ಇಷ್ಟು ಭಾರಕ್ಕೆ ದೊರೆಯುವ ಫಲವೇನು? ಜಾತ್ರೆಯ ಕುಸ್ತಿಯನ್ನು ನೆನೆಸಿರಿ. ಹೊತ್ತು ಇಳಿದಿದೆ, ಮಣ್ಣಿನ ಕಣದ ಸುತ್ತ ಜನರು ಕಿಕ್ಕಿರಿದಿರುವರು, ಪೈಲವಾನನು ಎದುರಾಳಿಯನ್ನು ಎತ್ತಿ ಒಗೆಯುವದು ರೆಪ್ಪೆ ಬಡಿಯುವದರೊಳಗೆ. ಎಫ್ ೫.೬ರ ಸಾಮಾನ್ಯ ಝೂಮ್ ಆ ಬೆಳಕಿನಲ್ಲಿ ಒಂದು ಸೆಕೆಂದಿನ ೬೦ನೆಯ ಒಂದು ಭಾಗವನ್ನು ಕೇಳಿದರೆ, ಎಫ್ ೨.೮ರದಕ್ಕೆ ೨೪೦ನೆಯ ಒಂದು ಭಾಗ ಸಾಕು. ಮೊದಲನೆಯದರಲ್ಲಿ ತೋಳುಗಳು ಮಂಜಿನಂತೆ ಕದಡುವವು, ಎರಡನೆಯದರಲ್ಲಿ ಬಹುಮಟ್ಟಿಗೆ ನಿಲ್ಲುವವು. ಮಸೂರದೊಳಗೆ ಕೈನಡುಕವನ್ನು ತಡೆಯುವ ಯಂತ್ರವಿರುವದಲ್ಲಾ ಎಂದು ಕೆಲವರು ಕೇಳುವರು. ಅದು ನಮ್ಮ ಕೈಯ ನಡುಕವನ್ನು ತಡೆಯುವದೇ ಹೊರತು ಪೈಲವಾನನ ಚಲನವನ್ನು ತಡೆಯಲಾರದು.

ಹಾಗಾದರೆ ಮಂದವಾದ ಬೆಳಕು ಇದ್ದಲ್ಲೆಲ್ಲ ಈ ಮಸೂರ ಬೇಕೇ? ಬೇಡವೆಂಬದಕ್ಕೆ ವಿಜಯಪುರವೇ ಸಾಕ್ಷಿ. ಮುಂಬಯಿ ತೋಪಖಾನೆಯ ಅಧಿಕಾರಿಯಾಗಿದ್ದ ಥಾಮಸ್ ಬಿಗ್ಸ್ ಎಂಬವನು ೧೮೫೫ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರಗಳನ್ನು ತೆಗೆದನು. ಅವನ ಕಾಲದ ಕಾಗದದ ನೆಗೆಟಿವ್‌ಗಳು ಬೆಳಕಿಗೆ ಬಹಳ ಮಂದವಾಗಿ ಓಗೊಡುತ್ತಿದ್ದವು. ಆದರೂ ಚಿತ್ರಗಳು ಬಂದವು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಇವರ ಬರಹಗಳೊಡನೆ ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ವಿಜಾಪುರದ ವಾಸ್ತುವಿನ ಗ್ರಂಥದಲ್ಲಿ ಬಿಗ್ಸನ ಚಿತ್ರಗಳೂ ಸೇರಿದವು. ಕಾರಣವು ಸ್ಪಷ್ಟ: ಗುಮ್ಮಟವು ಅಲುಗುವದಿಲ್ಲ. ಸುಮಾರು ೩೮ ಮೀಟರ್ ಒಳವ್ಯಾಸದ ಗೋಲಗುಮ್ಮಟದ ಒಳಗಣ ಮಬ್ಬಿನಲ್ಲಿಯೂ, ಕ್ಯಾಮೆರಾವನ್ನು ಕಟ್ಟೆಯ ಮೇಲೆ ಭದ್ರವಾಗಿ ಊರಿ ಒಂದೆರಡು ಸೆಕೆಂದು ಕಾದರೆ ಅಗ್ಗದ ಮಸೂರವೂ ಒಳ್ಳೆಯ ಚಿತ್ರವನ್ನೇ ಕೊಡುವದು. ನಿಶ್ಚಲವಾದದ್ದಕ್ಕೆ ತಾಳ್ಮೆಯೇ ಬೆಳಕು.

ಚಲಿಸುವ ಮನುಷ್ಯನ ಮಾತು ಬೇರೆ. ೧೮೪೦ರಲ್ಲಿ ವಿಯೆನ್ನಾದ ಗಣಿತಜ್ಞ ಯೋಸೆಫ್ ಪೆಟ್ಸ್‌ವಾಲನು ಹಿಂದಿನವುಗಳಿಗಿಂತ ಹಲವು ಪಟ್ಟು ಬೆಳಕನ್ನು ಒಳಗೊಳ್ಳುವ ಮಸೂರವನ್ನು ಗಣಿತದಿಂದ ರಚಿಸಿದ ಮೇಲೆಯೇ ಮನುಷ್ಯರ ಮುಖದ ಚಿತ್ರ ತೆಗೆಯುವದು ಸುಲಭವಾಯಿತು. ಸಣ್ಣ ಫಿಲ್ಮಿನ ಕ್ಯಾಮೆರಾಗಳಿಗೆ ಮೊದಲ ಝೂಮ್ ಬಂದದ್ದು ೧೯೫೯ರಲ್ಲಿ. ಜರ್ಮನಿಯ ಫೋಗ್ಟ್‌ಲೆಂಡರ್ ಕಂಪನಿಯ ಆ ಜೂಮಾರ್ ಮಸೂರದ ಬಾಗಿಲೂ ಎಫ್ ೨.೮ರದೇ. ಫಿಲ್ಮಿನ ಕಾಲದಲ್ಲಿ ಇದರ ಅವಶ್ಯಕತೆ ದೊಡ್ಡದಾಗಿತ್ತು; ಯಾಕೆಂದರೆ ಸುರುಳಿಯನ್ನು ಒಮ್ಮೆ ಹಾಕಿದ ಮೇಲೆ ಅದರ ಗ್ರಹಣಶಕ್ತಿಯನ್ನು ಚಿತ್ರಕ್ಕೊಂದರಂತೆ ಬದಲಿಸಲು ಬರುತ್ತಿರಲಿಲ್ಲ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ ಎಂಬ ಆ ಶಕ್ತಿಯನ್ನು ೧೬೦೦ರಿಂದ ೬೪೦೦ಕ್ಕೆ ಏರಿಸುವದು ಒಂದು ಗುಂಡಿ ತಿರುಗಿಸುವಷ್ಟೇ ಕೆಲಸ. ಅದರಿಂದ ಹುಟ್ಟುವ ಕಾಳುಕಾಳಾದ ದೋಷವನ್ನು ಗಣಕಯಂತ್ರವು ಬಹುಮಟ್ಟಿಗೆ ತೊಳೆದು ಕೊಡುವದು. ಆದುದರಿಂದ ಹಿಂದೆ ಅನಿವಾರ್ಯವಾಗಿದ್ದ ಭಾರವು ಇಂದು ಅನೇಕ ಪ್ರಸಂಗಗಳಲ್ಲಿ ಐಚ್ಛಿಕವಾಗಿರುವದು.

ಹೀಗೆ ವಿಚಾರಿಸಿದರೆ ನಿಯಮವು ತಾನಾಗಿಯೇ ಹೊಳೆಯುವದು. ದೂರ, ಮಬ್ಬು, ಚಲನ ಈ ಮೂರೂ ಏಕಕಾಲಕ್ಕೆ ಕೂಡಿದಲ್ಲಿ ಭಾರವಾದ ಝೂಮ್ ಮಸೂರಕ್ಕೆ ಸಮಾನವಾದದ್ದು ಬೇರೊಂದಿಲ್ಲ. ಮೂರರಲ್ಲಿ ಒಂದು ತಪ್ಪಿದರೂ ಲಘುವಾದ ಉಪಾಯವಿರುವದು. ದೂರವಿಲ್ಲದಿದ್ದರೆ ಎರಡು ಹೆಜ್ಜೆ ಮುಂದೆ ಹೋಗಿ ಎಫ್ ೧.೮ರ ಸಣ್ಣ ಮಸೂರವನ್ನು ಬಳಸಬಹುದು. ಕ್ಯಾನನ್ ಆರ್‌ಎಫ್ ಮಾಲೆಯ ೫೦ ಮಿಲಿಮೀಟರಿನದು ೧೬೦ ಗ್ರಾಂ ಮಾತ್ರ ತೂಗಿಯೂ ಎಫ್ ೨.೮ರ ಎರಡು ಪಟ್ಟಿಗೂ ಹೆಚ್ಚು ಬೆಳಕನ್ನು ತರುವದು. ಮಬ್ಬಿಲ್ಲದಿದ್ದರೆ ಎಫ್ ೪ರ ಝೂಮ್ ಸಾಕು. ಚಲನವಿಲ್ಲದಿದ್ದರೆ ಕ್ಯಾಮೆರಾಕ್ಕೆ ಆಧಾರ ಕೊಟ್ಟು ಕಾದರೆ ಆಯಿತು.

ಇನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳದ ಎರಡು ಮಾತುಗಳಿವೆ. ಮೊದಲನೆಯದು, ಬಾಗಿಲು ದೊಡ್ಡದಾದಷ್ಟೂ ಸ್ಪಷ್ಟತೆಯ ಆಳವು ಕಿರಿದಾಗುವದು. ೨೦೦ ಮಿಲಿಮೀಟರಿನಲ್ಲಿ ಎಫ್ ೨.೮ ತೆರೆದು ಮೂರು ಮೀಟರ್ ದೂರದ ಮುಖವನ್ನು ಹಿಡಿದರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗುವದು ಸುಮಾರು ನಾಲ್ಕು ಸೆಂಟಿಮೀಟರಿನಷ್ಟು ಆಳ ಮಾತ್ರ. ವಧುವಿನ ಕಣ್ಣು ಹೊಳೆಯುವದು. ಒಂದು ಗೇಣು ಹಿಂದೆ ನಿಂತ ವರನ ಮುಖ ಕರಗುವದು. ಅಕ್ಕಿಕಾಳಿನ ಹೊತ್ತಿಗೆ ಇಬ್ಬರೂ ಬೇಕು, ಬೀಗರೂ ಬೇಕು. ಆಗ ಬಾಗಿಲನ್ನು ಎಫ್ ೫.೬ಕ್ಕೋ ೮ಕ್ಕೋ ಇಳಿಸಲೇಬೇಕು. ಇಳಿಸಿದ ಕ್ಷಣದಲ್ಲಿ ಹೆಚ್ಚಿನ ಹಣ ಕೊಟ್ಟು ಕೊಂಡ ಬೆಳಕು ಮುಚ್ಚಿಹೋಯಿತು, ಭಾರ ಮಾತ್ರ ಕೊರಳಲ್ಲಿ ಉಳಿಯಿತು. ಎರಡನೆಯದು, ಸಣ್ಣ ಸೆನ್ಸರಿನ ಕ್ಯಾಮೆರಾಗಳಲ್ಲಿ ೭೦ ಮಿಲಿಮೀಟರ್ ಎಂಬದು ಇಕ್ಕಟ್ಟಾದ ನೋಟ. ನಿಂತ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಹಿಡಿಯಬೇಕಾದರೆ ಸುಮಾರು ಆರು ಮೀಟರ್ ಹಿಂದಕ್ಕೆ ಸರಿಯಬೇಕು. ನಮ್ಮ ಪಡಸಾಲೆಗಳಲ್ಲಿ ಅಷ್ಟು ಸ್ಥಳವೆಲ್ಲಿ? ಹಂದರದಲ್ಲಿಯೂ ಅಷ್ಟರೊಳಗೆ ನಾಲ್ವರು ನಡುವೆ ಹಾಯ್ದುಹೋಗುವರು.

ಆದುದರಿಂದ ಕೊಳ್ಳುವದಕ್ಕೆ ಮೊದಲು ಒಂದು ಸಂಜೆ ಕುಳಿತು ಎಣಿಸತಕ್ಕದ್ದು. ಪ್ರತಿಯೊಂದು ಚಿತ್ರದೊಳಗೂ ಅದನ್ನು ಯಾವ ಸಂಗಮದೂರದಲ್ಲಿ, ಎಷ್ಟು ಬಾಗಿಲು ತೆರೆದು, ಎಷ್ಟು ಹೊತ್ತಿನಲ್ಲಿ ತೆಗೆಯಲಾಯಿತೆಂಬ ಲೆಕ್ಕವನ್ನು ಕ್ಯಾಮೆರಾ ತಾನೇ ಬರೆದಿಟ್ಟಿರುವದು. ಕಳೆದ ವರ್ಷದ ಚಿತ್ರಗಳನ್ನು ತೆರೆದು, ದೂರ, ಮಬ್ಬು, ಚಲನ ಮೂರೂ ಕೂಡಿದ್ದರಿಂದ ಕೆಟ್ಟ ಚಿತ್ರಗಳು ಎಷ್ಟು, ಅವು ಎಷ್ಟು ದಿನಗಳವು ಎಂದು ಬರೆದುಕೊಳ್ಳಬೇಕು. ನಮ್ಮ ತರುಣನು ಹೀಗೆಯೇ ಎಣಿಸಿ ನೋಡಿದನು. ಅವನು ಹೋದ ಮದುವೆಗಳಲ್ಲಿ ಹೆಚ್ಚಿನವು ಹಗಲಿನವು. ಗಿರಾಕಿಗಳು ಮೆಚ್ಚಿ ಮುದ್ರಿಸಿಕೊಂಡ ಚಿತ್ರಗಳಲ್ಲಿ ಬಹುಪಾಲು ಹತ್ತು ಅಡಿಗಳ ಒಳಗೆ ನಿಂತು ತೆಗೆದವು. ಮೂರೂ ಕೂಡಿದ ದಿನಗಳು ವರ್ಷದಲ್ಲಿ ಹದಿನೈದನ್ನು ಮೀರಲಿಲ್ಲ: ರಾತ್ರಿಯ ಮೆರವಣಿಗೆ, ಶಾಲೆಯ ಸ್ನೇಹಸಮ್ಮೇಳನ, ಜಾತ್ರೆಯ ಕುಸ್ತಿ. ಅವನು ಆ ವರ್ಷ ಒಂದು ಸಣ್ಣ ಮಸೂರವನ್ನು ಕೊಂಡು, ದೊಡ್ಡದನ್ನು ಬೇಕಾದಾಗ ಬಾಡಿಗೆಗೆ ತರುವದೆಂದು ನಿಶ್ಚಯಿಸಿದನು. ತಂಗಿಯ ಫೀ ಕಟ್ಟಲಾಯಿತು.

ಬಾಡಿಗೆಯ ಗಣಿತವನ್ನೂ ನೋಡಿರಿ. ಮಸೂರದ ಬೆಲೆ ೧,೮೦,೦೦೦ ರೂಪಾಯಿ, ಒಂದು ದಿನದ ಬಾಡಿಗೆ ೧,೨೦೦ ರೂಪಾಯಿ ಎಂದು ಇಟ್ಟುಕೊಳ್ಳೋಣ. ೧೫೦ ದಿನಗಳ ಬಾಡಿಗೆ ಮಸೂರದ ಬೆಲೆಗೆ ಸಮ. ಮುಂದೆ ಮಾರಿದರೆ ಅರ್ಧ ಬೆಲೆ ಬರುವದೆಂದು ಹಿಡಿದರೆ ೭೫ ದಿನಗಳು. ವರ್ಷಕ್ಕೆ ೧೫ ದಿನ ಬೇಕಾಗುವವನಿಗೆ ಇದು ಐದು ವರ್ಷಗಳ ಮಾತು. ೫೦ ದಿನ ಬೇಕಾಗುವವನಿಗೆ ಒಂದೂವರೆ ವರ್ಷದ ಮಾತು. ಹಳ್ಳಿಯಲ್ಲಿರುವವನು ದೊಡ್ಡ ಊರಿಗೆ ಹೋಗಿ ಬರುವ ಖರ್ಚನ್ನೂ, ಇಡಬೇಕಾದ ಠೇವಣಿಯನ್ನೂ, ಮದುವೆಯ ಹಂಗಾಮಿನಲ್ಲಿ ವಸ್ತು ದೊರೆಯದೆ ಹೋಗುವ ಸಂಭವವನ್ನೂ ಇದಕ್ಕೆ ಕೂಡಿಸಬೇಕು. ಸಾಲ ಮಾಡಿ ಕೊಳ್ಳುವವನು ಬಡ್ಡಿಯನ್ನು ಎದುರಿನ ಪಟ್ಟಿಯಲ್ಲಿ ಬರೆಯಬೇಕು. ಎರಡೂ ಪಟ್ಟಿಗಳನ್ನು ಮನೆಯ ಹಿರಿಯರೂ ಹೆಂಗಸರೂ ಕೂಡಿ ನೋಡುವದು ಯುಕ್ತ, ಯಾಕೆಂದರೆ ಹಣವು ಮನೆಯದು.

ಒಡೆತನವೆಂಬದು ಕೊಂಡ ದಿನಕ್ಕೆ ಮುಗಿಯುವದೂ ಇಲ್ಲ. ಇಲ್ಲದ್ದನ್ನು ಗಳಿಸುವದು ಯೋಗ, ಗಳಿಸಿದ್ದನ್ನು ಕಾಯುವದು ಕ್ಷೇಮ ಎಂದು ಹಿರಿಯರು ಬಿಡಿಸಿ ಹೇಳಿರುವರು. ನಮ್ಮ ಸೀಮೆಯ ಒಣಹವೆಯಲ್ಲಿ ಗಾಜಿಗೆ ಬೂಷ್ಟು ಹಿಡಿಯುವ ಭಯ ಕರಾವಳಿಗಿಂತ ಕಡಿಮೆ. ಆದರೆ ಬೇಸಗೆಯ ಧೂಳು ಝೂಮಿನ ಸಂದುಗಳನ್ನು ಹೊಕ್ಕರೆ ತೆಗೆಯಿಸುವದು ದುಬಾರಿ. ವಿಮೆ, ಗಟ್ಟಿಯಾದ ಚೀಲ, ದುರಸ್ತಿಗೆಂದು ತೆಗೆದಿಟ್ಟ ಸ್ವಲ್ಪ ಹಣ, ಇವಿಲ್ಲದೆ ಎರಡು ಲಕ್ಷದ ಗಾಜನ್ನು ಮೋಟರ್‌ಸೈಕಲ್ಲಿನ ಮೇಲೆ ಒಯ್ಯುವದು ಸಾಹಸವೇ ಸರಿ. ಭಾರದ ಮಾತನ್ನೂ ಹಗುರಾಗಿ ತಿಳಿಯಬಾರದು. ಹೊರಲಾರದೆ ಮನೆಯ ಕಪಾಟಿನಲ್ಲಿ ಬಿಟ್ಟುಬಂದ ಮಸೂರವು ಒಂದು ಚಿತ್ರವನ್ನೂ ತೆಗೆಯದು.

ಲೌಕಿಕ ಗೌರವದ ಆಶೆಯೊಂದು ಉಳಿಯಿತು. ದೊಡ್ಡ ನಳಿಗೆಯನ್ನು ಹಿಡಿದವನಿಗೆ ಹಂದರದಲ್ಲಿ ಜನರು ದಾರಿ ಬಿಡುವದು ನಿಜ. ಗಿರಾಕಿಯೂ ಅದನ್ನು ನೋಡಿ ದರವನ್ನು ಒಪ್ಪುವದುಂಟು. ಕಸುಬಿನವನು ಇದನ್ನು ತಿರಸ್ಕರಿಸಬೇಕಾದುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಲಿ. ಆದರೆ ಮದುವೆ ಮುಗಿದು ವರ್ಷವಾದ ಮೇಲೆ ಆಲ್ಬಮ್ಮನ್ನು ತೆರೆಯುವ ತಾಯಿಗೆ ಕಾಣುವದು ಮಗಳ ಮುಖವೇ ಹೊರತು ನಳಿಗೆಯ ಉದ್ದವಲ್ಲ.

ಹಾಗೆಂದು ಈ ಮಸೂರವನ್ನು ಯಾರೂ ಕೊಳ್ಳಬಾರದೆಂದು ತಿಳಿಯಬಾರದು. ರಾತ್ರಿಯ ಸಮಾರಂಭಗಳೇ ಮುಖ್ಯ ಜೀವನವಾದವನು, ಆಟದ ಬಯಲಿನಲ್ಲಿಯೂ ನಾಟಕದ ರಂಗದ ಮುಂದೆಯೂ ವಾರಕ್ಕೆ ಎರಡು ದಿನ ನಿಲ್ಲುವವನು, ನಿಃಸಂಶಯವಾಗಿ ಕೊಳ್ಳಲಿ. ಅವನಿಗೆ ಭಾರವೇ ಫಲಕೊಡುವದು. ಅಂಥಲ್ಲಿ ಲಾಘವವನ್ನು ಹುಡುಕಿ ಎಫ್ ೫.೬ರ ಅಗ್ಗದ ಝೂಮನ್ನು ಕೊಂಡರೆ ಕೊಟ್ಟ ಹಣವೆಲ್ಲ ವ್ಯರ್ಥ. ಮಕ್ಕಳ ಹುಟ್ಟುಹಬ್ಬ, ಅಜ್ಜಿಯ ಮುಖ, ಹೊಲದ ಬೆಳೆ ಇವುಗಳ ಚಿತ್ರ ಬಯಸುವ ಗೃಹಸ್ಥನಿಗಾದರೋ ಕೈಯಲ್ಲಿರುವ ಫೋನು ಅಥವಾ ಒಂದು ಸಣ್ಣ ಮಸೂರ ಸಾಕು. ಇವೆರಡರ ನಡುವೆ ಇರುವವನು ಅಂಗಡಿಗೆ ಹೋಗುವ ಮುಂಚೆ ತನ್ನ ಹಳೆಯ ಚಿತ್ರಗಳ ಲೆಕ್ಕವನ್ನು ತೆಗೆದು ನೋಡಲಿ.